ಬಿಳಿಗೆರೆ ಹಂಪ್ಸು ಮತ್ತು ನನ್ನ ಹೊಸ ಬೈಕು

ಇವತ್ತು ಮಂಗಳವಾರ. ಬೆಳಿಗ್ಗೆ ನಂಜನಗೂಡಿನ ನಮ್ಮ ಕಾರ್ಖಾನೆಯ ಸ್ಟ್ಯಾಂಡಿನಲ್ಲಿ ಬೈಕು ನಿಲ್ಲಿಸಿ, ಊಟದ ಡಬ್ಬಿ ತೆಗೆಯಲೆಂದು ಅದರ ಪಕ್ಕದ ಪೆಟ್ಟಿಗೆ ತೆರೆದರೆ ಡಬ್ಬಿಗಿಂತ ಮೊದಲು ಮಲ್ಲಿಗೆಯ ವಾಸನೆ ಹೊರಗೆ ಬಂತು. ಹೂವು ನಿನ್ನೆಯೇ ದೇವರ ಪಾಲಾಗಿತ್ತು, ವಾಸನೆ ಮಾತ್ರ ಪೆಟ್ಟಿಗೆಯಲ್ಲೇ ಉಳಿದುಕೊಂಡಿತ್ತು. ಪಕ್ಕದಲ್ಲಿದ್ದ ಅಕೌಂಟ್ಸ್ ವಿಭಾಗದ ಸಹೋದ್ಯೋಗಿ ಅದನ್ನು ಗಮನಿಸಲಿಲ್ಲ. ಅವರು ಕುಕ್ಕುರುಗಾಲಲ್ಲಿ ಕೂತು ಗಾಡಿಯ ಹೊಟ್ಟೆಯ ಅಡಿ ಇಣುಕುತ್ತಿದ್ದರು. "ಮೇಡಂ, ನಾನೂ ನನ್ನ ಕ್ರೂಸರ್ ಬೈಕ್ ಕೊಟ್ಟು ಇಂಥ ಸ್ಪೋರ್ಟ್ ಟೂರರ್ ತಗೊಳ್ಳೋಣ ಅಂತಿದ್ದೀನಿ. ಇದು ಹಂಪ್ಸಿಗೆ ತಾಗಲ್ಲ ತಾನೆ?" ಎಂದು ಕೇಳಿದರು. ಹೌದು, ಇಲ್ಲ ಎಂದರೆ ಮುಗಿಯುವ ಪ್ರಶ್ನೆ. ಆದರೂ ನಾನು ಊಟದ ಹೊತ್ತಿಗೆ ಹೇಳುತ್ತೇನೆ ಎಂದೆ. ಅವರಿಗೆ ಡ್ಯೂಟಿಗೆ ಹೊತ್ತಾಗಿತ್ತು. ನಿಮಗೆ ಪುರುಸೊತ್ತಿದ್ದರೆ ನೀವು ಕೇಳಿ.

ನಮ್ಮ ಮನೆ ಇರುವುದು ಟಿ. ನರಸೀಪುರದಲ್ಲಿ. ಅಲ್ಲಿ ನನ್ನ ಯಜಮಾನರದು ಬಿತ್ತನೆ ಬೀಜ, ಗೊಬ್ಬರದ ಅಂಗಡಿ. ನಮ್ಮಲ್ಲಿ ಮೊದಲಿದ್ದದ್ದೂ ಕ್ರೂಸರ್ ಬೈಕೇ, ಅದು ಮನೆಗೆ ಬಂದದ್ದು ಅವರ ಆಸೆಗೆ. ಕೊಂಡರು, ಅದರ ಮೇಲೆ ಕಾಲು ಚಾಚಿ ಕೂತು ಫೋಟೋ ತೆಗೆಸಿಕೊಂಡರು, ಕೆಲವೇ ದಿನದಲ್ಲಿ ಸೊಂಟ ಹಿಡಿಸಿಕೊಂಡು ತಮ್ಮ ಸ್ಕೂಟರಿಗೆ ವಾಪಸಾದರು. ನಾನೋ ದಿನಾ ನಂಜನಗೂಡಿನ ಬಸ್ಸಿನಲ್ಲಿ ಒಂದೇ ಕಾಲಿನ ಮೇಲೆ ನಿಂತು ಕಾರ್ಖಾನೆಯ ಲ್ಯಾಬಿಗೆ ಹೋಗುತ್ತಿದ್ದವಳು. ಮನೆ ಮುಂದೆ ಅಷ್ಟು ದೊಡ್ಡ ಗಾಡಿ ಧೂಳು ಕುಡಿಯುತ್ತಾ ನಿಂತಿದ್ದರೆ ಯಾರಿಗೆ ತಾನೆ ಹೊಟ್ಟೆ ಉರಿಯುವುದಿಲ್ಲ? ಕಲಿತೆ. ಇನ್ನೊಂದು ಅನುಕೂಲವೂ ಇತ್ತು. ಅಟ್ಟದ ಮೇಲಿನ ಡಬ್ಬಿ ಇಳಿಸಲು ನನ್ನನ್ನು ಈವರೆಗೆ ಯಾರೂ ಕರೆದಿಲ್ಲ ಎಂದರೆ ನನ್ನ ಎತ್ತರ ನಿಮಗೆ ಗೊತ್ತಾಗಬೇಕು. ಆ ಗಾಡಿಯ ಸೀಟು ಎಷ್ಟು ತಗ್ಗೆಂದರೆ ನನ್ನ ಎರಡು ಪಾದಗಳೂ ನೆಲಕ್ಕೆ ಒತ್ತಿ ಕೂರುತ್ತಿದ್ದವು. ಅದು ಡುಗುಡುಗು ಅನ್ನುತ್ತಾ ಹೋಗುವಾಗ ಕಾಲು ಮುಂದಕ್ಕೆ ಚಾಚಿ, ಕೈ ಅಗಲಿಸಿ, ನಾನು ಅರ್ಧ ಊರನ್ನೇ ಕೊಂಡವಳಂತೆ ಸಾಗುತ್ತಿದ್ದೆ.

ಸೋಮವಾರ ಬಂದರೆ ಹಿಂದೆ ಅತ್ತೆ. ನಂಜುಂಡೇಶ್ವರನಿಗೆ ಸೋಮವಾರ ತಪ್ಪಿಸುವವರಲ್ಲ ಅವರು. ನನ್ನ ಡ್ಯೂಟಿಗೆ ಮುಂಚೆ ದೇವಸ್ಥಾನದ ಹತ್ತಿರ ಇಳಿಯುವುದು, ಹೊಳೆಯಲ್ಲಿ ಕಾಲು ತೊಳೆದು ದರ್ಶನ ಮಾಡುವುದು, ಮಧ್ಯಾಹ್ನದ ಬಸ್ಸಿಗೆ ಊರಿಗೆ ಮರಳುವುದು. ಕ್ರೂಸರಿನ ಹಿಂದಿನ ಸೀಟು ಮಣೆಯ ಹಾಗೆ ಅಗಲ. ಒರಗಲು ದಿಂಬಿನಂಥದ್ದು ಬೇರೆ. ಅತ್ತೆ ಒಂದು ಬದಿಗೆ ಕಾಲು ಇಳಿಬಿಟ್ಟು, ತುರುಬನ್ನು ಕೆಳಗಿಳಿಸಿ ಅದರ ಮೇಲೆ ಹೆಲ್ಮೆಟ್ ಹಾಕಿ, ಹಣ್ಣುಕಾಯಿಯ ಬುಟ್ಟಿ ತೊಡೆಯ ಮೇಲಿಟ್ಟು ಕೂರುತ್ತಿದ್ದರು. ಮನೆಯಲ್ಲಿ ನಮ್ಮಿಬ್ಬರಿಗೆ ಮಾತಿಗೆ ಬಿಡುವಿರಲಿಲ್ಲ. ಅಡುಗೆಮನೆಯ ಮಾತೆಲ್ಲ ಉಪ್ಪು, ಹುಳಿ, ಗ್ಯಾಸು. ಅದಕ್ಕೇ ವಾರಕ್ಕೊಂದು ಬೆಳಗ್ಗೆ, ಗದ್ದೆ ಬಯಲಿನ ನಡುವೆ, ನನ್ನ ಹೆಗಲ ಮೇಲೆ ಕೈಯಿಟ್ಟು ಅವರು ತಮ್ಮ ಕಾಲದ ಕಥೆ ಹೇಳುವುದಿತ್ತಲ್ಲ, ಅದು ನನಗೆ ಬೇಕೇ ಬೇಕಿತ್ತು.

ತಗ್ಗು ಗಾಡಿಗೆ ಒಂದು ಕಷ್ಟ. ಇಬ್ಬರು ಕೂತರೆ ಅದರ ಹೊಟ್ಟೆ ಹಂಪ್ಸಿಗೆ ಗರಕ್ ಎಂದು ಉಜ್ಜುತ್ತದೆ. ನಮ್ಮ ಕಡೆ ಹಂಪ್ಸು ಹಾಕುವವರಿಗೆ ಅಳತೆಗಿಂತ ಆವೇಶ ಜಾಸ್ತಿ. ಬಿಳಿಗೆರೆ ಹತ್ತಿರದ್ದಂತೂ ಪುಟ್ಟ ಕಟ್ಟೆಯೇ ಸರಿ. ಅಲ್ಲಿ ಮೊದಲ ಸಲ ತಾಗಿದಾಗ ಅತ್ತೆ, ಪಾಪ, ಗಾಡಿಗೆ ನೋವಾಗುತ್ತದೆ ಎಂದು ತಾವೇ ಇಳಿದರು. ನಾನು ಖಾಲಿ ಗಾಡಿ ಹತ್ತಿಸಿ ಇಳಿಸಿ ಆಚೆ ನಿಂತೆ. ಅವರು ನಡೆದು ಬಂದು ಮತ್ತೆ ಕೂತರು. ಅದೇ ರೂಢಿಯಾಯಿತು. ಹಂಪ್ಸಿನ ಪಕ್ಕದಲ್ಲಿ ಪೆಟ್ಟಿಗೆ ಅಂಗಡಿಯ ನೆರಳಲ್ಲಿ ಹೂ ಕಟ್ಟುವ ಮಾದಮ್ಮ ಕೂರುತ್ತಿದ್ದಳು. ಮೊದಲ ವಾರ ನಗೆ, ಆಮೇಲೆ ಒಂದು ಮೊಳ ಮಲ್ಲಿಗೆ, ಆಮೇಲೆ ಮಾತು. ಇಳಿದು, ನಡೆದು, ಹತ್ತುವಷ್ಟರಲ್ಲಿ ಎಷ್ಟು ಮಾತಾಡಬಹುದೋ ಅಷ್ಟೇ ಮಾತು. ಮಾದಮ್ಮನ ಎಮ್ಮೆ ಗಬ್ಬವಾದದ್ದು ಒಂದು ಸೋಮವಾರ ತಿಳಿದರೆ ಅದು ಈದದ್ದು ತಿಳಿಯಲು ತಿಂಗಳುಗಟ್ಟಲೆ ಕಾಯಬೇಕು, ಕರು ಹೆಣ್ಣೋ ಗಂಡೋ ಎಂಬುದಕ್ಕೆ ಇನ್ನೊಂದು ವಾರ. ಅಲ್ಲಿಂದ ನಂಜನಗೂಡಿನವರೆಗೆ ಅತ್ತೆ ನನಗೆ ಅದಕ್ಕೆ ಉಪ್ಪುಖಾರ ಸೇರಿಸಿ ಹೇಳುತ್ತಿದ್ದರು. ನಾನು ನಗುತ್ತಾ ಗಾಡಿ ಓಡಿಸುತ್ತಿದ್ದೆನೇ ಹೊರತು ಅದಕ್ಕೆ ಹೆಚ್ಚಿನ ಬೆಲೆ ಕೊಟ್ಟಿರಲಿಲ್ಲ.

ವರ್ಷಗಳು ಕಳೆದಂತೆ ನನ್ನ ಸೊಂಟವೂ ಯಜಮಾನರ ಸೊಂಟದ ದಾರಿ ಹಿಡಿಯಿತು. ಕಾಲು ಮುಂದೆ ಚಾಚಿ ಕೂತರೆ ಗುಂಡಿಯ ಏಟೆಲ್ಲ ನೇರ ಬೆನ್ನುಮೂಳೆಗೆ. ಹೀಗಿರುವಾಗ ಮೈಸೂರಿನ ಶೋರೂಮಿನಲ್ಲಿ ಈ ಸ್ಪೋರ್ಟ್ ಟೂರರ್, ಅಂದರೆ ದೂರದ ಓಟಕ್ಕೆಂದೇ ಮಾಡಿದ ವೇಗದ ಬೈಕು, ಓಡಿಸಿ ನೋಡಿದೆ. ಏನು ಹೇಳಲಿ! ಮೈ ಸ್ವಲ್ಪ ಮುಂದಕ್ಕೆ ಬಾಗಿ, ಮೊಣಕಾಲು ಟ್ಯಾಂಕನ್ನು ಅಪ್ಪಿಕೊಂಡು, ಪಾದ ಮೈಯ ಕೆಳಗೇ ನಿಲ್ಲುತ್ತದೆ. ಎದುರಿನ ಗಾಜು ಗಾಳಿಯನ್ನು ತಲೆಯ ಮೇಲಿಂದ ಹಾಯಿಸುತ್ತದೆ. ಗುಂಡಿ ಬಂದರೆ ಗಾಡಿಯೇ ನುಂಗಿಕೊಳ್ಳುತ್ತದೆ, ನನಗೆ ಸುದ್ದಿ ಮಾತ್ರ ಮುಟ್ಟುತ್ತದೆ. ತಿರುವಿನಲ್ಲಿ ಕ್ರೂಸರನ್ನು ಓಲೈಸಬೇಕಿತ್ತು. ಇದು ನಾನು ನೋಡಿದ ಕಡೆಗೆ ತಾನೇ ಒಲಿಯಿತು. ಹೆಲ್ಮೆಟ್ಟಿನೊಳಗೆ ನಾನೊಬ್ಬಳೇ ಜೋರಾಗಿ ನಕ್ಕದ್ದು ನನಗೇ ಕೇಳಿಸಿತು. ನಿಲ್ಲಿಸಿದಾಗ ಮಾತ್ರ ನನ್ನ ಕಾಲಿನ ಬೆರಳ ತುದಿಗಳಷ್ಟೇ ನೆಲ ಮುಟ್ಟಿದವು. ಇರಲಿ, ಬೆರಳು ಇರುವುದು ಮತ್ತೆ ಯಾತಕ್ಕೆ ಎಂದುಕೊಂಡೆ. ಕ್ರೂಸರನ್ನು ಚಿಕ್ಕಯ್ಯನಛತ್ರದ ರೈತರೊಬ್ಬರು ಕೊಂಡರು. ಹಿಂದಿನ ಒರಗುದಿಂಬನ್ನು ಬಿಚ್ಚಿ ಇಟ್ಟುಕೊಳ್ಳಲೇ ಎಂದು ಅತ್ತೆ ಮೆಲ್ಲಗೆ ಕೇಳಿದ್ದರು. ಹಳೆಯದನ್ನೆಲ್ಲ ಯಾಕೆ ಎಂದು ಅದನ್ನೂ ಕಳಿಸಿಬಿಟ್ಟೆ.

ಹೊಸ ಗಾಡಿಗೆ ದೇವಸ್ಥಾನದ ಮುಂದೆ ಪೂಜೆ. ಅಗಲ ಹ್ಯಾಂಡಲ್ ಇಲ್ಲದ ಗಾಡಿಗೆ ಹಾರ ಎಲ್ಲಿ ಕಟ್ಟುವುದೆಂದು ಪೂಜಾರಿಗಳು ಹುಡುಕಾಡಿ, ಕೊನೆಗೆ ಕನ್ನಡಿಗಳಿಗೆ ಕಟ್ಟಿದರು. ಗಾಜಿನ ಮೇಲೆ ಮೂರು ಗೆರೆ ವಿಭೂತಿ. ಚಕ್ರದಡಿ ನಿಂಬೆಹಣ್ಣು. ಮನೆಮಂದಿಯೆಲ್ಲ ನೋಡುತ್ತಿದ್ದಾರೆ, ಮಂಗಳಾರತಿ ಆಗಿದೆ, ನಾನು ಗತ್ತಿನಿಂದ ಗಾಡಿ ಮುಂದಕ್ಕೆ ಬಿಟ್ಟೆ. ನಿಂಬೆಹಣ್ಣು ಪಚಕ್ಕೆಂದಿತು. ನನ್ನ ಎರಡು ಕಾಲುಗಳೂ ಹಳೆಯ ಚಾಳಿಯಲ್ಲಿ ಮುಂದಕ್ಕೆ ಚಾಚಿ, ಅಲ್ಲಿಲ್ಲದ ಫುಟ್‌ರೆಸ್ಟನ್ನು ಗಾಳಿಯಲ್ಲಿ ತಡಕಾಡಿದವು. ಉಯ್ಯಾಲೆಯ ಮೇಲಿನ ಮಗುವಿನ ಹಾಗೆ ಕಾಣುತ್ತಿದ್ದೆನಂತೆ, ಯಜಮಾನರು ಈಗಲೂ ಹೇಳಿ ನಗುತ್ತಾರೆ. ಆ ನಾಚಿಕೆ ಮುಚ್ಚಿಕೊಳ್ಳಲು ನಾನು ಇಳಿದವಳೇ ಗಾಡಿಯ ಗುಣಗಾನ ಶುರುಮಾಡಿದೆ. ಇನ್ನು ಮೇಲೆ ಅತ್ತೆ ಯಾವ ಹಂಪ್ಸಿನಲ್ಲೂ ಇಳಿಯಬೇಕಿಲ್ಲ, ಬಿಳಿಗೆರೆಯಲ್ಲೂ ಇಲ್ಲ, ಸುಯ್ಯೆಂದು ದಾಟಿಬಿಡಬಹುದು ಎಂದು ಎಲ್ಲರ ಎದುರಿಗೆ ಸಾರಿದೆ. ಅತ್ತೆ ಚೆನ್ನಾಗಿದೆ ಎಂದರು.

ಮುಂದಿನ ಸೋಮವಾರ ಅತ್ತೆ ಬಸ್ಸಿಗೆ ಹೊರಟರು. ಸೀಟು ಎತ್ತರ ಎಂದರು. ಅವರು ಹತ್ತಲೆಂದು ನಾನು ಸ್ಟೂಲು ತಂದಿಟ್ಟೆ. ಅದರ ಮುಂದಿನ ವಾರ, ಒರಗಲು ಏನೂ ಇಲ್ಲ ಎಂದರು. ಹಿಂದಿನ ಪೆಟ್ಟಿಗೆಗೆ ದಿಂಬು ಹಾಕಿಸಿದೆ. ಈ ಕಿರಿದಾದ ಸೀಟಿನಲ್ಲಿ ಸೀರೆಯುಟ್ಟು ಎರಡು ಬದಿಗೆ ಕಾಲು ಹಾಕುವುದು ಹೇಗೆ ಎಂದರು. ಮತ್ತೆ ಬಸ್ಸಿಗೇ ಹೋದರು. ಗಾಡಿಯ ಮೇಲಿನ ನನ್ನ ಸಂಭ್ರಮ ಆರು ದಿನ ಉಕ್ಕುತ್ತಿತ್ತು, ಸೋಮವಾರ ಮಾತ್ರ ತಣ್ಣಗಾಗುತ್ತಿತ್ತು. ಹೆಗಲ ಮೇಲೆ ಕೈಯಿಲ್ಲ, ಕಥೆಯಿಲ್ಲ. ಅಷ್ಟು ಒಳ್ಳೆಯ ಗಾಡಿ ತಂದು ಅತ್ತೆಯನ್ನು ಕಳೆದುಕೊಂಡೆನೇ ಎಂದು ನಿಜವಾಗಿ ಸಂಕಟವಾಗುತ್ತಿತ್ತು.

ಹಾಗೊಂದು ಸೋಮವಾರ ಬಿಳಿಗೆರೆ ಹಂಪ್ಸನ್ನು ದಾಟುವಾಗ ಮಾದಮ್ಮ ರಸ್ತೆಗೇ ಬಂದು ಕೈ ಅಡ್ಡ ಹಿಡಿದಳು. ಹೊಸ ಗಾಡಿಯ ಸದ್ದು ಸಣ್ಣದಾದ್ದರಿಂದ ಇಷ್ಟು ದಿನ ನಾನು ದಾಟಿದ್ದೇ ಅವಳಿಗೆ ಗೊತ್ತಾಗಿರಲಿಲ್ಲ. ಅತ್ತೆಯನ್ನು ಅವಳು ಅಕ್ಕ ಎನ್ನುತ್ತಿದ್ದಳು, ಅಕ್ಕ ಹುಷಾರಾಗಿದ್ದಾರಾ ಎಂದು ಕೇಳಿದಳು. ಬಸ್ಸಿನಲ್ಲಿ ಹೋಗುತ್ತಾರೆ ಎಂದೆ. ಆ ಬಸ್ಸು ಅಲ್ಲಿ ನಿಲ್ಲುವುದಿಲ್ಲ ಎಂಬುದು ಅವಳಿಗೂ ಗೊತ್ತು. ಎಲೆಯಲ್ಲಿ ಸುತ್ತಿದ ಹೂವನ್ನು ಅಕ್ಕನಿಗೆ ಎಂದು ಕೊಟ್ಟು ಕಳಿಸಿದಳು.

ಸಂಜೆ ಹೂವು ಕೊಟ್ಟೆ. ಅತ್ತೆ ಹೂವನ್ನು ನೋಡಲೇ ಇಲ್ಲ.

"ಅವ್ಳ ಮಗ್ಳ ನೋಡಕ್ಕೆ ಗಂಡಿನ ಕಡೇರು ಬಂದಿದ್ರಲ್ಲ, ಏನಂದ್ರಂತೆ?"

ನಾನು ಕೇಳಲಿಲ್ಲ ಎಂದೆ. ಅವರು ನನ್ನನ್ನೇ ನೋಡಿದರು. ಕ್ರೂಸರಿನ ಕೊನೆಯ ಸೋಮವಾರ ಮಾದಮ್ಮನ ಮಗಳ ಕಥೆ ಅಲ್ಲಿಗೆ ನಿಂತಿತ್ತು!

"ಕೇಳ್ಬಾರ್ದಾ ಮಗ. ನಿನ್ ಗಾಡಿ ಅಂಪ್ಸಲ್ಲಿ ನಿಲ್ಲಕಿಲ್ವಲ್ಲ, ಇನ್ ನಾನೆಲ್ ಕೇಳಾದು."

ಸ್ಟೂಲು, ದಿಂಬು, ಸೀರೆ ಎಲ್ಲದರ ಅರ್ಥ ನನಗೆ ಒಮ್ಮೆಲೇ ಆಯಿತು. ಹರಟೆಗಾಗಿ ಗಾಡಿ ನಿಲ್ಲಿಸು ಎಂದು ಬಾಯಿಬಿಟ್ಟು ಕೇಳುವ ಜನ ಅವರಲ್ಲ. ಗಾಡಿಯ ಹೊಟ್ಟೆಯ ನೆಪವಿದ್ದರೆ ಮಾತ್ರ ಇಳಿಯುವವರು. ನಾನು ಆ ನೆಪವನ್ನೇ ಊರಿಗೆಲ್ಲ ಕೇಳುವಂತೆ ಕಿತ್ತುಹಾಕಿದ್ದೆ. ಅವರ ಮುಖ ನೋಡದೆ ಹೇಳಿದೆ.

"ಒಬ್ಬಳೇ ಕೂತರೆ ಈ ಗಾಡಿ ತಾಗಲ್ಲ ಅತ್ತೆ. ಇಬ್ಬರು ಕೂತರೆ ಹೇಗೋ, ನಾನಿನ್ನೂ ನೋಡಿಲ್ಲ."

"ಅದೇ ಮತ್ತೆ," ಎಂದರು ಅತ್ತೆ ತಟ್ಟನೆ. "ಇಬ್ರು ಭಾರ ಅಂದ್ರೆ ಸುಮ್ನೆ ಆದದಾ."

ಮುಂದಿನ ಸೋಮವಾರ ಅತ್ತೆ ಹೊರಗೆ ಬಂದಾಗ ಸೀರೆಯನ್ನು ಭತ್ತದ ನಾಟಿಗೆ ಇಳಿಯುವವರಂತೆ ಎತ್ತಿ ಕಟ್ಟಿದ್ದರು. ಸ್ಟೂಲು ಹತ್ತಿ, ಎರಡು ಬದಿಗೂ ಕಾಲು ಹಾಕಿ, ಗಟ್ಟಿಯಾಗಿ ಕೂತರು. ಬುಟ್ಟಿ ಪೆಟ್ಟಿಗೆಯೊಳಗೆ ಹೋಯಿತು. ಊರು ದಾಟುತ್ತಿದ್ದಂತೆ ಗಾಡಿ ಬಿಟ್ಟೆ ನೋಡಿ. ನಾಲೆಯ ಪಕ್ಕದ ತಿರುವಿನಲ್ಲಿ ಅತ್ತೆ ನನ್ನ ಜೊತೆಗೇ ಬಾಗಿದರು, ಯಾರೂ ಹೇಳಿಕೊಡದೆ. ಕಬ್ಬಿನ ಟ್ರ್ಯಾಕ್ಟರ್ ಹಿಂದಾಯಿತು, ಇಟ್ಟಿಗೆ ಲಾರಿ ಹಿಂದಾಯಿತು. ಸಾಕಾ ಎಂದು ಕೂಗಿ ಕೇಳಿದರೆ, ಹೆಗಲ ಮೇಲಿನ ಕೈ ಇನ್ನೂ ಹೋಗು ಎಂದು ತಟ್ಟಿತು. ಅಂಥ ಖುಷಿ ನನಗೆ ಒಂಟಿಯಾಗಿ ಎಂದೂ ಸಿಕ್ಕಿರಲಿಲ್ಲ.

ಬಿಳಿಗೆರೆ ಹಂಪ್ಸಿಗೆ ಸ್ವಲ್ಪ ಮುಂಚೆ ನಿಲ್ಲಿಸಿ ಬೆರಳ ತುದಿಯಲ್ಲಿ ನೆಲ ಹಿಡಿದೆ. ಅತ್ತೆ ಇಳಿದರು. ನಾನು ಖಾಲಿ ಗಾಡಿಯನ್ನು ಆಚೆಗೆ ದಾಟಿಸಿ ನಿಂತೆ. ಹೊಟ್ಟೆಗೂ ಹಂಪ್ಸಿಗೂ ನಡುವೆ ಒಂದು ಸೋರೆಕಾಯಿ ತೂರಿಸಬಹುದಾದಷ್ಟು ಜಾಗವಿತ್ತು. ಮಾದಮ್ಮ ಹೂವಿನ ಕುಕ್ಕೆ ಬಿಟ್ಟು ಎದ್ದು ಬಂದಳು, ಅತ್ತೆಯನ್ನು ನೋಡಿದಳು, ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟೆತ್ರ ಅದೆ. ಇದೂ ತಾಗ್ತದಾ ಮೇಡಂ?"

ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾ ಎತ್ತಲೋ ನೋಡಿದರು. ಈ ಗಾಡಿಯ ಎತ್ತರವನ್ನು ಲ್ಯಾಬಿನಲ್ಲಿ, ಸ್ಟ್ಯಾಂಡಿನಲ್ಲಿ, ನೆಂಟರ ಮನೆಯಲ್ಲಿ ಕೊಚ್ಚಿಕೊಂಡು ಬಂದವಳು ನಾನು.

"ತಾಗುತ್ತೆ ಕಣಮ್ಮ," ಎಂದೆ.

ಅತ್ತೆಯ ಮುಖ ಅರಳಿತು. ಆ ಹೊತ್ತಿನಲ್ಲಿ ಹುಡುಗಿಯ ಕಥೆ ಎಲ್ಲಿಯವರೆಗೆ ಬಂತೋ ಅಲ್ಲಿಯವರೆಗೆ ಕೇಳಿಕೊಂಡು ಬಂದು, ರಸ್ತೆ ಬದಿಯ ಕಲ್ಲು ಮೆಟ್ಟಿ ಹತ್ತಿದರು. ಹುಡುಗಿಯೇ ಗಂಡನ್ನು ಬೇಡ ಎಂದಳಂತೆ. ಯಾಕೆ ಎಂಬುದು ಮುಂದಿನ ವಾರಕ್ಕೆ ಉಳಿಯಿತು. ಗಾಳಿ ಅರ್ಧ ಮಾತು ಹೊತ್ತೊಯ್ದರೂ ಅವರು ನಂಜನಗೂಡಿನವರೆಗೆ ಹೇಳುತ್ತಲೇ ಇದ್ದರು. ಹೊಸ ಗಾಡಿ ದಾರಿಯಲ್ಲಿ ಉಳಿಸಿಕೊಡುವ ಹೊತ್ತನ್ನೆಲ್ಲ ನಾವೀಗ ಸೋಮವಾರ ಆ ಹಂಪ್ಸಿನ ಬಳಿ ಖರ್ಚು ಮಾಡುತ್ತೇವೆ. ಪೆಟ್ಟಿಗೆಯೊಳಗಿನ ವಾಸನೆ ಅಲ್ಲಿಯದೇ.

ಊಟದ ಹೊತ್ತಿಗೆ ಸಹೋದ್ಯೋಗಿ ಡಬ್ಬಿ ಹಿಡಿದು ನನ್ನ ಮೇಜಿಗೇ ಬಂದರು. ಅದೇ ಪ್ರಶ್ನೆ. ಧೈರ್ಯವಾಗಿ ತಗೊಳ್ಳಿ, ಇದು ಎಲ್ಲೂ ತಾಗುವುದಿಲ್ಲ ಎಂದೆ. ಬಿಳಿಗೆರೆ ಹಂಪ್ಸಿನಲ್ಲೂ ತಾಗಲ್ವಾ ಎಂದು ಅವರು ಕೇಳಿದರು, ಅವರದೂ ಅದೇ ದಾರಿ.

"ಅಲ್ಲಿ ತಾಗುತ್ತೆ," ಎಂದೆ. "ಸೋಮವಾರ ಮಾತ್ರ."