ಗೇರಿಲ್ಲದ ಪೆಟ್ಟಿಗೆಯ ಬೆಲ್ಟಕ್ಕ

ಬೆಳಕು ಹರಿಯುತ್ತಿದೆ. ಗ್ಯಾರೇಜಿನ ಷಟರ್ ಇನ್ನೂ ಅರ್ಧಕ್ಕೇ ನಿಂತಿದೆ. ನಿನ್ನೆ ಹೈಬ್ರಿಡ್ ಟ್ಯಾಕ್ಸಿಯಿಂದ ಇಳಿಸಿದ ಗೇರ್‌ಬಾಕ್ಸ್ ಮೇಜಿನ ಮೇಲೆ ಬಾಯಿ ತೆರೆದು ಕೂತಿದೆ. ಗ್ಯಾರೇಜಿನ ಮೆಕ್ಯಾನಿಕ್, ಎಲ್ಲರ ಬಾಯಲ್ಲಿ ಬೆಲ್ಟಕ್ಕ, ಟ್ರೇಯಲ್ಲಿನ ಎಣ್ಣೆಗೆ ಬೆರಳದ್ದಿ, ಹಾಲು ಕೆಟ್ಟಿದೆಯೋ ಎಂದು ನೋಡುವವರಂತೆ ಮೂಸುತ್ತಾರೆ.

"ಯಾರೋ ಮಾಮೂಲಿ ಎಣ್ಣೆ ಸುರಿದುಬಿಟ್ಟಿದಾರೆ. ಬೆಲ್ಟು ಜಾರದೆ ಇನ್ನೇನು ಮಾಡತ್ತೆ, ಪಾಪ!"

ಗೇರ್‌ಬಾಕ್ಸ್ ಎನ್ನುವುದು ಹೆಸರಿಗಷ್ಟೇ. ಒಂದು, ಎರಡು, ಮೂರು ಎಂಬ ಗೇರುಗಳು ಇದರೊಳಗಿಲ್ಲ. ಇರುವುದು ಎರಡು ರಾಟೆ, ಅವುಗಳ ನಡುವೆ ನಾನೂರು ಚಿಲ್ಲರೆ ಉಕ್ಕಿನ ಬಿಲ್ಲೆಗಳ ಬೆಲ್ಟು. ಒಂದು ರಾಟೆ ಹಿಗ್ಗಿದಂತೆ ಇನ್ನೊಂದು ಕುಗ್ಗುತ್ತದೆ, ವೇಗ ಎಲ್ಲೂ ತಡವರಿಸದೆ ಏರುತ್ತದೆ. ಗೇರು ಬದಲಾಗದೆ ಒಂದೇ ಸಮನೆ ಕೂಗುವ ಇಂಜಿನ್ನಿನ ಸದ್ದಿಗೆ ಜನ ಇನ್ನೂ ಒಗ್ಗಿಲ್ಲ. "ಇಂಜಿನ್ ಸುಮ್ನೆ ಕೂಗ್ತಾ ಇದೆ ಅಂತ ಓಡಿ ಬರ್ತಾರೆ. ಅದರ ಸ್ವಭಾವನೇ ಅಷ್ಟು, ಹೋಗಿ ಅಂತ ಕಳಿಸ್ತೀನಿ" ಎಂದು ಬೆಲ್ಟಕ್ಕ ನಗುತ್ತಾರೆ.

ವಾರಕ್ಕೆ ಎರಡು ಪೆಟ್ಟಿಗೆಯಂತೆ ಹತ್ತೊಂಬತ್ತು ವರ್ಷದ ಕೆಲಸ. ಕಲಿಸಿದವರು ಮಾವ. "ಮೊದಲನೇ ಬೆಲ್ಟನ್ನ ಹಿಂದುಮುಂದಾಗಿ ಹಾಕ್ಬಿಟ್ಟಿದ್ದೆ. ದಿಕ್ಕು ತೋರಿಸೋ ಬಾಣದ ಗುರುತು ಕಣ್ಣಿಗೇ ಬಿದ್ದಿರಲಿಲ್ಲ. ಮಾವ ಬೈಲಿಲ್ಲ. ಪಕ್ಕದಲ್ಲೇ ಕೂತು ಪೂರ್ತಿ ಬಿಚ್ಚಿಸಿದ್ರು. ಬೈದಿದ್ರೇ ವಾಸಿ ಇತ್ತು!"

ಟ್ಯಾಕ್ಸಿಯ ಚಾಲಕಿ ಕಾಲು ನಿಲ್ಲದೆ ಬಾಗಿಲಲ್ಲಿ ಓಡಾಡುತ್ತಿದ್ದಾರೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ದು ಮನೆಗೆ ಬಿಡುವ ಕೆಲಸ ಅವರದು. ಹೊಸ ಪೆಟ್ಟಿಗೆ ಬರಲು ಎರಡು ತಿಂಗಳಾಗುತ್ತದಂತೆ. ನಾಳೆ ಗಾಡಿ ಹೊರಡದಿದ್ದರೆ ಆಸ್ಪತ್ರೆಯವರು ಬೇರೆಯವರನ್ನು ಗೊತ್ತುಮಾಡುತ್ತಾರೆ.

ಬೆಲ್ಟಕ್ಕ ರಾಟೆಯ ಮೈಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತಾರೆ. ಉಗುರಿಗೆ ಗೀರು ಸಿಕ್ಕಿದರೆ ಪೆಟ್ಟಿಗೆ ಗುಜರಿಗೆ. ಉಗುರು ಸಾಗುತ್ತದೆ, ಒಂದು ಕಡೆ ತಟ್ಟನೆ ನಿಲ್ಲುತ್ತದೆ. ಚಾಲಕಿಯ ಮುಖ ಬಾಡಿಹೋಗುತ್ತದೆ. ಬೆಲ್ಟಕ್ಕ ಬಟ್ಟೆಯಿಂದ ಉಜ್ಜಿ, ಮತ್ತೆ ಎಳೆಯುತ್ತಾರೆ. ಈ ಸಲ ಉಗುರು ನಿಲ್ಲುವುದಿಲ್ಲ.

"ಗೀರಲ್ಲಮ್ಮ, ಕಿಟ್ಟ. ಉಸಿರು ಬಿಡು."

ಸಂಜೆಯ ಹೊತ್ತಿಗೆ ಸರಿಯಾದ ಎಣ್ಣೆ ಕುಡಿದ ಗಾಡಿ ಬೀದಿಗಿಳಿಯುತ್ತದೆ. ಪರೀಕ್ಷೆಗೆ ಬೆಲ್ಟಕ್ಕ ಎಂದೂ ಮುಂದೆ ಕೂರುವವರಲ್ಲ. ಹಿಂದಿನ ಸೀಟಿನಲ್ಲಿ ಒರಗಿ ಕಣ್ಣು ಮುಚ್ಚುತ್ತಾರೆ. ಏರು ರಸ್ತೆ ಹತ್ತಿ ಇಳಿದರೂ ಕಣ್ಣು ತೆರೆಯುವುದಿಲ್ಲ.

"ಹೆಂಗಿದೆ ಅಕ್ಕಾ?" ಚಾಲಕಿಗೆ ತಡೆಯಲಾಗುವುದಿಲ್ಲ.

"ಆಸ್ಪತ್ರೆಯಿಂದ ಸುಸ್ತಾಗಿ ಬಂದು ಇಲ್ಲಿ ಒರಗಿದ ಅಜ್ಜಿಗೆ ಮನೆ ಮುಟ್ಟೋ ತನಕ ಎಚ್ಚರ ಆಗಬಾರದು. ನನಗಿರೋದು ಅಷ್ಟೇ ಆಸೆ. ನಾಳೆ ಬರ್ತೀನಿ ಅಂತ ಆಸ್ಪತ್ರೆಯವರಿಗೆ ಫೋನ್ ಮಾಡು."