ಲಿಂಗಪೂಜೆಗೆ ಜಾಗ

ಗಂಡ ಸತ್ತ ಮೇಲೆ ಕುರುಗೋಡಿನ ಈರಮ್ಮನ ಮನೆಯಲ್ಲಿ ಭಾವ ಹಂಪಯ್ಯನದೇ ಮಾತು. ಎಂಟನೇ ಕ್ಲಾಸು ಮುಗಿಸಿದ ಅವಳ ಮಗಳು ಶಂಕ್ರಮ್ಮನಿಗೆ ಅವನು ಸಿರುಗುಪ್ಪದಲ್ಲಿ ಗಂಡು ನೋಡಿದ್ದ. ಬಳ್ಳಾರಿಯ ಕ್ರೈಸ್ತ ಸನ್ಯಾಸಿನಿಯರ ಹೈಸ್ಕೂಲಿಗೆ ಕಳಿಸೋಣವೆಂದು ಈರಮ್ಮ ಕಾಲು ಹಿಡಿದಳು.

“ಹೋಗಿ ನೋಡಿಕೊಂಡು ಬಾ. ದಿನಾ ಲಿಂಗಪೂಜಿ ಮಾಡಾಕ ಜಾಗ ಕೊಟ್ರ ಕಳಿಸು, ಇಲ್ಲಂದ್ರ ಲಗ್ನ” ಎಂದ ಹಂಪಯ್ಯ. ತಮ್ಮ ಹುಡುಗಿಯರನ್ನೂ ಕಳಿಸಬಹುದೇ ಎಂದು ಓಣಿಯ ಬೇರೆ ಮನೆಯವರೂ ಅವಳ ಮಾತಿಗೆ ಕಾದಿದ್ದರು.

ಬಳ್ಳಾರಿಗೆ ಹೋದಾಗ ಆ ಹೈಸ್ಕೂಲಿನ ಹಾಸ್ಟೆಲಿನ ಬಾವಿ, ಅಡಿಗೆಮನೆ, ಹುಡುಗಿಯರ ಎಣ್ಣೆ ಹಚ್ಚಿದ ಜಡೆ, ಎಲ್ಲವೂ ಈರಮ್ಮನಿಗೆ ಹಿಡಿಸಿದವು.

“ಲಿಂಗ ಕೊರಳಲ್ಲಿರಲಿ ಅಮ್ಮಾ, ಯಾರೂ ತೆಗೆಸುವುದಿಲ್ಲ. ಪೂಜೆ ಮಾತ್ರ ಇಲ್ಲಿ ಆಗುವುದಿಲ್ಲ” ಎಂದರು ಹಾಸ್ಟೆಲು ನೋಡಿಕೊಳ್ಳುವ ಸಿಸ್ಟರು.

“ಒಂದು ಮೂಲಿ ಕೊಡ್ರೆವ್ವಾ. ತಂಬಿಗಿ ನೀರು ಸಾಕು.”

“ನನ್ನ ಕೈಯಲ್ಲಿಲ್ಲ. ನಮ್ಮ ಮೇಲಿನ ಮದರು ಒಪ್ಪುವುದಿಲ್ಲ.”

ಸಂಜೆ ಅವಳು ಊರಿಗೆ ಮರಳಿದಾಗ ಮನೆಯ ಕಟ್ಟೆಯ ಮೇಲೆ ಹಂಪಯ್ಯ, ಓಣಿಯವರು ಎಲ್ಲರೂ ಕೂತಿದ್ದರು. ಬಾಗಿಲ ಹಿಂದೆ ಶಂಕ್ರಮ್ಮ ಕಿವಿಗೊಟ್ಟು ನಿಂತಿದ್ದಳು.

“ಜಾಗ ಐತ್ರಿ ಭಾವಾರ. ಕಣ್ಣಾರೆ ನೋಡೀನಿ” ಎಂದಳು ಈರಮ್ಮ.

“ಸಾಲೀನ ಪಾಸು ಮಾಡಿಬಿಟ್ಲಲೇ ನಮ್ಮ ಈರಮ್ಮ!” ಎಂದು ಎದುರುಮನೆಯ ಮಲ್ಲಯ್ಯ ನಕ್ಕ. “ಹಂಗಾದ್ರ ನಮ್ಮ ಹುಡುಗೀನೂ ಹೋಗ್ಲಿ.”

ಈರಮ್ಮ ಒಳಗೆ ಬಂದು ಮಗಳನ್ನು ಮೂಲೆಗೆ ಎಳೆದಳು. “ಅಲ್ಲಿ ದಿನಾ ಬಚ್ಚಲದಾಗ ನಿಂತು, ಅಂಗೈಯಾಗ ಲಿಂಗ ಹಿಡಕೊಂಡು ಚಣಹೊತ್ತು ಕಣ್ಣು ಮುಚ್ಚು. ಯಾರಿಗೂ ಹೇಳಬ್ಯಾಡ.” ಹುಡುಗಿಯರನ್ನು ಬಿಡಲು ತಾನೇ ಬಳ್ಳಾರಿಗೆ ಹೋಗಿ, ಆ ಜಾಗ ನೋಡಿಯೇ ಬರುತ್ತೇನೆಂದು ಹೊರಗೆ ಹಂಪಯ್ಯ ಹೇಳುತ್ತಿದ್ದ.