ಬಾಯಲ್ಲಿ ಮೊಳೆ ಇಟ್ಟುಕೊಂಡು ಮಾಡಿಸಿದ ವಿಮೆ

ಬೀದಿಯವರ ಬಾಯಲ್ಲಿ ಅವನು ಮೊಳೆಬಾಯಿ ಮೇಸ್ತ್ರಿ. ಹಳೇ ಸೋಫಾ, ಕುರ್ಚಿಗಳ ತೊಗಲು ಸುಲಿದು, ಕುಗ್ಗಿದ ಸ್ಪ್ರಿಂಗು ಎತ್ತಿ ಕಟ್ಟಿ, ಹೊಸ ಬಟ್ಟೆ ಹೊದಿಸುವುದು ಅವನ ಕಸುಬು. ಉಳಿದ ಕೆಲಸಗಾರರೆಲ್ಲ ಪಿನ್ನು ಹೊಡೆಯುವ ಗನ್ನು ಹಿಡಿದು ಎಷ್ಟೋ ಕಾಲವಾಗಿತ್ತು. ಇವನು ಮಾತ್ರ ಹಿಡಿ ಸಣ್ಣ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಮೂತಿಯ ಸುತ್ತಿಗೆಗೆ ಕಚ್ಚಿಸಿ ಹೊಡೆಯುತ್ತಿದ್ದ. ಬಾಯಲ್ಲಿ ಮೊಳೆ ಇರುವಷ್ಟು ಹೊತ್ತು ಮಾತಿಲ್ಲ. ಗಿರಾಕಿ ಏನು ಕೇಳಿದರೂ ಕತ್ತು ಆಡಿಸಿಯೇ ಉತ್ತರ.

ಕೆಲಸದಲ್ಲಿ ಅವನನ್ನು ಮೀರಿಸಿದವರಿಲ್ಲ. ಆದರೆ ಷಡ್ಡಕನ ಹೆಸರು ಕಿವಿಗೆ ಬಿದ್ದರೆ ಸಾಕು, ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತಿತ್ತು.

ಷಡ್ಡಕನದು ಎರಡು ಬೀದಿ ಆಚೆ ಕನ್ನಡಕದ ಅಂಗಡಿ. ನಾಲ್ಕೂ ಕಡೆ ಕನ್ನಡಿ, ಎಲ್ಲಿ ನೋಡಿದರೂ ಅವನದೇ ನಗುಮುಖ. ಮೇಸ್ತ್ರಿಯ ಅಂಗಡಿಯಲ್ಲಿ ಹತ್ತಿಯ ಧೂಳು, ಗೋಣಿಯ ವಾಸನೆ, ಮೂರು ಕಾಲಿನ ಕುರ್ಚಿಗಳು. ಹೋದ ವರ್ಷ ಕನ್ನಡಕದವನು ಅಂಗಡಿಗೆ ಬೀಗ ಹಾಕಿ ಹೆಂಡತಿಯೊಡನೆ ಸಮುದ್ರ ನೋಡಲು ಹೋಗಿಬಂದಿದ್ದ. ಬಂದವನು ಮೈ ಇಳಿಸಿಕೊಂಡು ಹುಡುಗನ ಹಾಗೆ ಕಾಣುತ್ತಿದ್ದ. ಆಮೇಲೆ ಬೆಳಗಾದರೆ ಬಿಳಿ ಬೂಟು ಮೆಟ್ಟಿ ನಡಿಗೆ ಬೇರೆ.

‘ನೋಡು, ನಿನ್ನ ತಂಗಿ ಗಂಡನ ಶೋಕಿ. ಮದುವೆಗೆ ಹೊರಟ ಗಂಡಿನ ಹಾಗೆ ಕೈ ಬೀಸ್ಕೊಂಡು ಹೋಗ್ತಾನೆ,’ ಎಂದು ಮೇಸ್ತ್ರಿ ಗೊಣಗುತ್ತಿದ್ದ.

‘ನೀವೂ ಹೋಗಿ. ರಸ್ತೆ ಅವನ ಮಾವನ ಮನೇದಾ?’ ಎನ್ನುತ್ತಿದ್ದಳು ಹೆಂಡತಿ.

‘ಹೌದು, ನನ್ನ ಮಾವಂದೂ ಅದೇ ಮನೆ. ಅದೇ ನನ್ನ ಕರ್ಮ.’

ಹೀಗಿರುವಾಗ ಹೊರದೇಶದಲ್ಲಿ ಬಸ್ಸು ಓಡಿಸುತ್ತಿದ್ದ ಹೆಂಡತಿಯ ಅಣ್ಣ ಇಬ್ಬರು ತಂಗಿಯರಿಗೂ ಅವರ ಗಂಡಂದಿರಿಗೂ ವಿಮಾನದ ಟಿಕೆಟ್ ಕಳಿಸಿದ. ಫೋನಿನಲ್ಲಿ ಒಂದು ಮಾತು ಒತ್ತಿ ಹೇಳಿದ: ‘ಎಲ್ಲರೂ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸ್ಕೊಂಡೇ ಬನ್ನಿ. ಇಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ನಾನು ಮನೆ ಮಾರಬೇಕಾಗುತ್ತೆ.’

ಆ ಮಾತು ಕೇಳಿದ್ದೇ ಮೇಸ್ತ್ರಿಯ ಹೆಂಡತಿ ಗಂಡನ ಕಡೆ ತಿರುಗಿದಳು. ಗಂಡನಿಗೆ ಆಗಾಗ ಎದೆ ಹಿಡಿದುಕೊಳ್ಳುತ್ತಿತ್ತು. ಡಾಕ್ಟರು ದಿನಾ ನುಂಗಲು ಮಾತ್ರೆ ಕೊಟ್ಟಿದ್ದರು. ಆ ಮಾತ್ರೆಗಳನ್ನು ಅವನು ಅಂಗಡಿಯ ಮೊಳೆ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದ. ಗೊತ್ತಿದ್ದವಳು ಅವಳೊಬ್ಬಳೇ.

‘ಇನ್ಶೂರೆನ್ಸ್ ಏಜೆಂಟಮ್ಮ ಬಂದಾಗ ಎದೆ ನೋವಿನ ವಿಷಯ ಹೇಳಿಬಿಡ್ರೀ.’

‘ಹೇಳಿದ್ರೆ ಅದು ಹೋಗಿ ಕನ್ನಡಕದವನ ಕಿವಿ ಸೇರುತ್ತೆ. ಆ ಗಟ್ಟಿಮುಟ್ಟಾದ ಕೋಣದ ಮುಂದೆ ನಾನು ರೋಗಿಷ್ಠ ಅನ್ನಿಸ್ಕೊಳ್ಳಲಾ?’

‘ಅಲ್ಲಿ ಹೋಗಿ ಬಿದ್ರೆ ನಮ್ಮಣ್ಣ ಬೀದಿಗೆ ಬರ್ತಾನೆ. ಅದು ನಿಮಗೆ ಪರವಾಗಿಲ್ವಾ?’

ಮೇಸ್ತ್ರಿ ಹಿಡಿ ಮೊಳೆ ತೆಗೆದು ಬಾಯಿಗೆ ಹಾಕಿಕೊಂಡ. ಸೋತ ಜಗಳದಿಂದ ಪಾರಾಗಲು ಅವನು ಕಂಡುಕೊಂಡಿದ್ದ ದಾರಿ ಅದು.

ಏಜೆಂಟಮ್ಮ ಚುರುಕಿನ ಹೆಂಗಸು. ಅಂಗಡಿಗೆ ಬಂದು ಸ್ಪ್ರಿಂಗು ಕಿತ್ತ ಸೋಫಾದ ಅಂಚಿನಲ್ಲಿ ಹುಷಾರಾಗಿ ಕೂತು ಒಂದೊಂದೇ ಬಿಡಿಸಿ ಹೇಳಿದಳು. ಸಾಮಾನು ಕಳೆದರೆ ಇಷ್ಟು, ವಿಮಾನ ತಪ್ಪಿದರೆ ಇಷ್ಟು, ಕಾಯಿಲೆ ಬಿದ್ದರೆ ಇಷ್ಟು.

‘ಅದೆಲ್ಲ ಇರಲಿ, ಕನ್ನಡಕದವನು ಯಾವುದು ತಗೊಂಡ?’ ಮೇಸ್ತ್ರಿಗೆ ಬೇಕಾಗಿದ್ದುದು ಅದೊಂದೇ.

‘ಅವರದು ಎಲ್ಲಕ್ಕಿಂತ ಮೇಲಿಂದು.’

‘ಹಾಗಾದ್ರೆ ನನಗೆ ಅದರ ಮೇಲಿಂದು ಕೊಡು.’

‘ಅದರ ಮೇಲೆ ಆಕಾಶ, ಮೇಸ್ತ್ರಿ. ನಿಮಗೆ ಅದು ಬೇಡ. ಅವರ ಲೆಕ್ಕ ಬೇರೆ.’

‘ಅವರ ಲೆಕ್ಕ ಬೇರೆ’ ಎಂಬ ಮಾತು ಕಾದ ಎಣ್ಣೆಗೆ ನೀರು ಹನಿಸಿದ ಹಾಗಾಯಿತು. ಅವನೇನು ಮೇಲಿಂದ ಉದುರಿದವನೇ? ಮೇಸ್ತ್ರಿ ಮುಖ ಊದಿಸಿಕೊಂಡು ಮೊಳೆಗಳನ್ನು ಬಾಯಿಗೆ ತುಂಬಿ ಸುತ್ತಿಗೆ ಎತ್ತಿದ. ಏಜೆಂಟಮ್ಮ ಬಿಡಲಿಲ್ಲ.

‘ಬಿಪಿ ಇದೆಯಾ? ಸಕ್ಕರೆ? ಎದೆ ನೋವು? ಮಾತ್ರೆ ಏನಾದ್ರೂ ತಗೋತೀರಾ?’

ಟಪ್, ಟಪ್ ಎಂದು ಹೊಡೆಯುತ್ತಲೇ ಮೇಸ್ತ್ರಿ ಪ್ರತಿಯೊಂದಕ್ಕೂ ಇಲ್ಲವೆಂದು ಕತ್ತು ಆಡಿಸಿದ. ಬಾಯಿ ಬಿಟ್ಟು ಸುಳ್ಳು ಹೇಳುವುದು ಅವನಿಂದ ಆಗುತ್ತಿರಲಿಲ್ಲ. ಕತ್ತು ಆಡಿಸುವುದು ಎಷ್ಟು ಸಲೀಸು! ಎಲ್ಲಕ್ಕಿಂತ ಕೆಳಗಿನ ಪಾಲಿಸಿ ಅವನ ಪಾಲಿಗೆ ಬಂತು.

ಕೈಗೆ ಬಂದದ್ದು ಕೆಳಗಿನದೆಂಬ ಉರಿ ಎರಡು ದಿನ ಅವನನ್ನು ನಿಲ್ಲಲೂ ಬಿಡಲಿಲ್ಲ, ಕೂರಲೂ ಬಿಡಲಿಲ್ಲ. ಮೂರನೆಯ ದಿನ ಕುರ್ಚಿಯೊಂದರ ಬೆನ್ನಿಗೆ ಬಟ್ಟೆ ಎಳೆದು ಹಿಡಿದು ಮೊಳೆ ಹೊಡೆಯುತ್ತಿದ್ದಾಗ ಬಾಗಿಲಲ್ಲಿ ಬಿಳಿ ಬೂಟು ಕಾಣಿಸಿತು. ಬಟ್ಟೆ ಬಿಟ್ಟರೆ ಬೆಳಗಿನಿಂದ ಮಾಡಿದ ಕೆಲಸವೆಲ್ಲ ಹಾಳು. ಮೇಸ್ತ್ರಿ ಎಳೆದ ಕೈ ಸಡಿಲಿಸದೆ ಕಣ್ಣೆತ್ತಿ ನೋಡಿದ, ಅಷ್ಟೆ.

‘ಅಣ್ಣ, ನಿಜ ಹೇಳಿ. ನನ್ನದೇ ಪಾಲಿಸಿ ಬೇಕು ಅಂತ ಹಟ ಹಿಡಿದ್ರಂತೆ. ಹಾಗಾದ್ರೆ ನಿಮಗೆ ನನ್ನ ವಿಷಯ ಗೊತ್ತಾಗಿದೆ.’

ಮೇಸ್ತ್ರಿಯ ಬಾಯಿ ತುಂಬ ಮೊಳೆ. ಸುಮ್ಮನೆ ನೋಡಿದ.

‘ಹಾಗೆ ನೋಡ್ಬೇಡಿ ಅಣ್ಣ. ಯಾರು ಹೇಳಿದ್ರು? ನನ್ನ ಹೆಂಡ್ತಿನಾ?’

ಮೇಸ್ತ್ರಿ ಕಣ್ಣು ಮಿಟುಕಿಸಲಿಲ್ಲ.

ಕನ್ನಡಕದವನು ಬಂದು ಸ್ಪ್ರಿಂಗಿಲ್ಲದ ಸೋಫಾದಲ್ಲಿ ಕುಸಿದು ಕೂತ. ‘ಹೋಗ್ಲಿ ಬಿಡಿ, ಗೊತ್ತಾದ ಮೇಲೆ ಮುಚ್ಚಿಡೋದೇನು. ಹೌದು, ಹೋದ ವರ್ಷ ನಾವು ಸಮುದ್ರಕ್ಕೂ ಹೋಗಲಿಲ್ಲ, ಗುಡ್ಡಕ್ಕೂ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದೆ. ಎದೆಗೆ ಸ್ಟೆಂಟ್ ಹಾಕಿದ್ದಾರೆ. ದಿನಾ ನಡೀದಿದ್ರೆ ಡಾಕ್ಟರು ಬೈತಾರೆ. ಅದಕ್ಕೇ ಆ ದೊಡ್ಡ ಪಾಲಿಸಿ. ಮೊದಲೇ ಇದ್ದ ಕಾಯಿಲೆ ಹೇಳದೆ ಹೋದ್ರೆ ಪಾಲಿಸಿ ಇದ್ದೂ ಇಲ್ಲದ ಹಾಗೆ ಅಂತ ಏಜೆಂಟಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ಲು.’

ಮೇಸ್ತ್ರಿಯ ಕೈಯಲ್ಲಿದ್ದ ಬಟ್ಟೆ ಒಂದಿಷ್ಟು ಸಡಿಲಾಯಿತು. ಸಮುದ್ರವಿಲ್ಲ! ಶೋಕಿಯಿಲ್ಲ! ಇಡೀ ವರ್ಷ ತಾನು ಹೊಟ್ಟೆ ಉರಿಸಿಕೊಂಡದ್ದು ಒಂದು ಆಸ್ಪತ್ರೆಯ ಮಂಚಕ್ಕೆ! ಮೊದಲು ಅವನೊಳಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳೇಕೆ, ಆಯಿತು.

‘ಮತ್ತೆ ನನಗ್ಯಾಕೆ ಹೇಳಲಿಲ್ಲ ಅಂತೀರಾ?’ ಕನ್ನಡಕದವನು ತಾನೇ ಕೇಳಿಕೊಂಡ. ‘ಹೇಗೆ ಹೇಳಲಿ? ನನಗಿಂತ ಹಿರಿಯರು ನೀವು, ಈಗಲೂ ಸೋಫಾನ ಒಬ್ಬರೇ ಎತ್ತಿ ಮಗುಚಿ ಹಾಕ್ತೀರಿ. ನಾನು ಕನ್ನಡಕದ ಪೆಟ್ಟಿಗೆ ಎತ್ತಿದ್ರೂ ನನ್ನವಳು ಕೂಗ್ತಾಳೆ. ನಿಮ್ಮ ಅಂಗಡಿ ಮುಂದೆ ಹಾದುಹೋಗುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ ಅಣ್ಣ. ಬೇಕಾದ್ರೆ ಬೈಯಿರಿ, ಆದ್ರೆ ನಿಜ.’

ಕುಡಿದ ಹಾಲು ಒಡೆದುಹೋಯಿತು. ಮೊನ್ನೆ ತಾನೆ ಆ ಸೋಫಾ ಮಗುಚಿ ಹಾಕಿ ಗೋಡೆಗೆ ಒರಗಿ ಕೂತು ಡಬ್ಬಿ ತಡಕಿದ್ದು ಮೇಸ್ತ್ರಿಗೆ ನೆನಪಾಯಿತು. ಹಾಗಾದರೆ ತನ್ನ ಪಾಲಿಸಿ ಇದ್ದೂ ಇಲ್ಲದ ಹಾಗೇ. ಬಾಯಲ್ಲಿದ್ದ ಮೊಳೆಗಳು ತುಕ್ಕಿನ ರುಚಿ ಬಿಟ್ಟವು. ಎಳೆದ ಬಟ್ಟೆ ಬಿಟ್ಟ. ಅದು ಸರ್ರನೆ ಸುರುಳಿ ಸುತ್ತಿಕೊಂಡಿತು. ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿದ. ಕೆಲಸದ ನಡುವೆ ಅವನು ಹಾಗೆ ಉಗುಳಿದ್ದನ್ನು ಯಾರೂ ಕಂಡಿರಲಿಲ್ಲ.

‘ಆ ಡಬ್ಬಿಯ ತಳ ತಡಕು,’ ಎಂದ.

ಕನ್ನಡಕದವನು ಬೆರಳಿಗೆ ಚುಚ್ಚಿಸಿಕೊಳ್ಳುತ್ತ ತಡಕಿದ. ಮಾತ್ರೆಯ ಹಾಳೆ ಹೊರಬಂತು. ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು ಹೆಸರು ಓದಿದ. ‘ಅಯ್ಯೋ ಅಣ್ಣ, ನಂದೂ ಇದೇ ಮಾತ್ರೆ!’

‘ಸಾಯ್ಲಿ, ಅದನ್ನಾದ್ರೂ ನನಗೊಬ್ಬನಿಗೇ ಬಿಡಬಾರದಾಗಿತ್ತಾ?’

ಇಬ್ಬರೂ ನಕ್ಕರು. ಎದೆಗೆ ಜೋಪಾನ ಎಂಬ ಹಾಗೆ ಸ್ವಲ್ಪವೇ ನಕ್ಕರು.

ಏಜೆಂಟಮ್ಮನನ್ನು ಅಂಗಡಿಗೇ ಕರೆಸಿದರು. ಮೇಸ್ತ್ರಿಯ ಹೆಂಡತಿಯೂ ಬಂದು, ಮೊದಲ ಕೆಲಸವಾಗಿ ಮೊಳೆ ಡಬ್ಬಿ ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು ಕೂತಳು. ‘ಈಗ ಕೇಳಮ್ಮ, ಬಾಯಲ್ಲೇ ಹೇಳ್ತಾರೆ.’

ಮೇಸ್ತ್ರಿ ಬಾಯಲ್ಲೇ ಹೇಳಿದ. ಎದೆ ನೋವು, ಮಾತ್ರೆ, ಗೋಡೆಗೆ ಒರಗಿದ್ದು ಎಲ್ಲ. ಕೊನೆಯದು ಹೆಂಡತಿಗೂ ಗೊತ್ತಿರಲಿಲ್ಲ. ಅವಳು ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಏಜೆಂಟಮ್ಮ ಕಂಪನಿಗೆ ಫೋನು ಮಾಡಿ ವಿಚಾರಿಸಿ ಹಳೆಯದನ್ನು ರದ್ದು ಮಾಡಿಸಿದಳು. ‘ಇನ್ನು ಧೈರ್ಯವಾಗಿ ಹೋಗಿಬನ್ನಿ. ನಿಮಗೆ ನಡುವಿನದು ಸಾಕು ಮೇಸ್ತ್ರಿ.’

‘ನಡುವಿನದಾ? ಇವನದು?’

‘ಅವರದು ಮೇಲಿಂದೇ. ಅವರಿಗೆ ಸ್ಟೆಂಟ್ ಇದೆಯಲ್ಲ.’

ಮೇಸ್ತ್ರಿ ಷಡ್ಡಕನ ಎದೆಯನ್ನೊಮ್ಮೆ ದುರುಗುಟ್ಟಿ ನೋಡಿದ. ಮೊಳೆಗಾಗಿ ಕೈ ಚಾಚಿದ. ಹೆಂಡತಿ ಡಬ್ಬಿಯ ಮುಚ್ಚಳ ಒತ್ತಿ ಹಿಡಿದಳು.